ಅಡ್ಡಿಯನ್ನೇ ದಾರಿ ಮಾಡಿಕೊಂಡ ನೌಕಾ ಎಂಜಿನಿಯರ್

1971ರ ಡಿಸೆಂಬರ್ 9ರ ರಾತ್ರಿ ಅರಬ್ಬೀ ಸಮುದ್ರದಲ್ಲಿ, ದಿಯು ಕರಾವಳಿಯಾಚೆ, ಭಾರತೀಯ ನೌಕಾಪಡೆಯ ಖುಕ್ರಿ ಯುದ್ಧನೌಕೆಗೆ ಟಾರ್ಪೆಡೊ ಬಡಿಯಿತು. ಹಾರಿಸಿದ್ದು ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್. ನೋಡನೋಡುತ್ತಿದ್ದಂತೆ ನೌಕೆ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಪ್ರಾಣ ಕಳೆದುಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ತಮ್ಮ ನೌಕೆಯ ಜೊತೆಗೇ ಜಲಸಮಾಧಿಯಾದರು. ಸ್ವತಂತ್ರ ಭಾರತ ಯುದ್ಧದಲ್ಲಿ ಕಳೆದುಕೊಂಡ ಯುದ್ಧನೌಕೆ ಇದೊಂದೇ.

ಖುಕ್ರಿಯ ಸಿಬ್ಬಂದಿಯ ಧೈರ್ಯದಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನೌಕೆಯ ಕಿವಿಯಲ್ಲಿ. ನೀರಿನೊಳಗಿನ ಸದ್ದು ಕೇಳಿ ಶತ್ರುವನ್ನು ಪತ್ತೆ ಮಾಡುವ ಯಂತ್ರಕ್ಕೆ ಸೋನಾರ್ ಎಂದು ಹೆಸರು. ಖುಕ್ರಿಯ ಸೋನಾರ್‌ಗೆ ಹಂಗೋರ್ ಸುಳಿವು ಸಿಗುವುದಕ್ಕೆ ಬಹಳ ಮೊದಲೇ ಹಂಗೋರ್‌ಗೆ ಖುಕ್ರಿ ಎಲ್ಲಿದೆ ಎಂಬುದು ತಿಳಿದುಹೋಗಿತ್ತು. ಯುದ್ಧ ಮುಗಿದ ಮೇಲೆ ನೌಕಾಪಡೆಯ ಈ ಕಿವಿಯನ್ನು ಚುರುಕುಗೊಳಿಸುವ ಕೆಲಸ ಒಬ್ಬ ತರುಣ ಅಧಿಕಾರಿಯ ಪಾಲಿಗೆ ಬಂತು. ಹೆಸರು ಆರೋಗ್ಯಸ್ವಾಮಿ ಪೌಲ್‌ರಾಜ್.

ಇಂದು ನಮ್ಮ ಕೈಲಿರುವ 4ಜಿ, 5ಜಿ ಫೋನು, ಮನೆಯ ವೈಫೈ ಪೆಟ್ಟಿಗೆ ಎಲ್ಲವೂ ಪೌಲ್‌ರಾಜ್ 1992ರಲ್ಲಿ ಮುಂದಿಟ್ಟ ಒಂದು ವಿಚಾರದ ಮೇಲೆ ನಿಂತಿವೆ. ಅದಕ್ಕೆ ಮೈಮೊ ಎಂಬ ಹೆಸರು ಬಿದ್ದಿದೆ. ಒಂದೇ ಫ್ರೀಕ್ವೆನ್ಸಿಯಲ್ಲಿ, ಒಂದೇ ಹೊತ್ತಿನಲ್ಲಿ, ಹಲವು ಆಂಟೆನಾಗಳಿಂದ ಬೇರೆ ಬೇರೆ ಮಾಹಿತಿ ಕಳುಹಿಸಿ, ಅತ್ತ ಹಲವು ಆಂಟೆನಾಗಳಿಂದ ಅದನ್ನು ಬಿಡಿಸಿಕೊಳ್ಳುವ ವಿಧಾನ ಅದು. ಸಮುದ್ರದಾಳದ ಸದ್ದು ಆಲಿಸುತ್ತಿದ್ದವರಿಗೆ ಇದು ಹೊಳೆದದ್ದು ಹೇಗೆ ಎನ್ನುವುದೇ ಈ ಕತೆ.

ಓದಲು ಕಳುಹಿಸಿದ ನೌಕಾಪಡೆ

ಪೌಲ್‌ರಾಜ್ ಹುಟ್ಟಿದ್ದು 1944ರಲ್ಲಿ, ಕೊಯಮತ್ತೂರಿನ ಹತ್ತಿರದ ಪೊಳ್ಳಾಚಿಯಲ್ಲಿ. ಹದಿಹರೆಯದಲ್ಲೇ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರಿ, ಅಲ್ಲಿಂದ ನೌಕಾಪಡೆಗೆ ಬಂದರು. ಎಂಜಿನಿಯರಿಂಗ್ ಓದಿದ್ದು ಲೋಣಾವಳದ ನೌಕಾ ಕಾಲೇಜಿನಲ್ಲಿ. 1969ರಲ್ಲಿ ನೌಕಾಪಡೆ ಅವರನ್ನು ಹೆಚ್ಚಿನ ಓದಿಗೆಂದು ದೆಹಲಿಯ ಐಐಟಿಗೆ ಕಳುಹಿಸಿತು. ಅಲ್ಲಿ ಪ್ರೊ. ಪಿ.ವಿ. ಇಂದಿರೇಶನ್ ಅವರ ಕಣ್ಣಿಗೆ ಬಿದ್ದರು. ಎಂ.ಟೆಕ್. ಓದಲು ಬಂದ ಅಧಿಕಾರಿಗೆ ಪಿಎಚ್.ಡಿ. ಮಾಡುವ ಶಕ್ತಿ ಇದೆ ಎಂದು ಗುರುತಿಸಿದವರು ಇಂದಿರೇಶನ್.

ಪೌಲ್‌ರಾಜ್ ಕೈಗೆತ್ತಿಕೊಂಡದ್ದು ಗಣಿತ ತುಂಬಿದ ವಿಷಯ: ಗದ್ದಲದಲ್ಲಿ ಹೂತುಹೋದ ಸಂಕೇತವನ್ನು ಹೊರತೆಗೆಯುವುದು ಹೇಗೆ? ಅಳತೆಗೆ ಸಿಕ್ಕಿದ್ದು ಅರೆಬರೆ, ಅದರಲ್ಲೂ ತಪ್ಪುಗಳಿವೆ. ಹಾಗಿರುವಾಗ ಅದರ ಹಿಂದಿರುವ ನಿಜವನ್ನು ಅಂದಾಜು ಮಾಡುವುದು ಹೇಗೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪುಣೆಯಲ್ಲಿ ಹುಟ್ಟಿ ಬೆಳೆದ ಥಾಮಸ್ ಕೈಲಾತ್ ಇದೇ ವಿಷಯದಲ್ಲಿ ಜಗತ್ತಿಗೇ ಗೊತ್ತಾಗುವಂಥ ಕೆಲಸ ಮಾಡುತ್ತಿದ್ದರು. ಮುಂದೆ ಇವರಿಬ್ಬರ ದಾರಿಗಳು ಕೂಡಲಿದ್ದವು.

ಯುದ್ಧದ ಬಳಿಕ ಈ ಗಣಿತ ಕಡಲಿಗೆ ಇಳಿಯಿತು. ಮೊದಲು 170ಬಿ ಎಂಬ ಹಳೆಯ ಬ್ರಿಟಿಷ್ ಸೋನಾರ್‌ನ ಸುಧಾರಣೆ. ಆಮೇಲೆ ಪೂರ್ತಿ ಹೊಸದಾದ, ಭಾರತದಲ್ಲೇ ವಿನ್ಯಾಸಗೊಂಡ ಸೋನಾರ್‌ನ ನಿರ್ಮಾಣ. ಕೊಚ್ಚಿಯ ನೌಕಾ ಭೌತ ಮತ್ತು ಸಾಗರ ಪ್ರಯೋಗಾಲಯದಲ್ಲಿ ಪೌಲ್‌ರಾಜ್ ನೇತೃತ್ವದ ತಂಡ ಈ ಕೆಲಸಕ್ಕೆ ಕೂತಿತು. ಯಂತ್ರದ ಹೆಸರು ‘ಅಪ್ಸೋ’. ತಯಾರಿಕೆಯ ಹೊಣೆ ಸರ್ಕಾರಿ ಕಂಪನಿಯಾದ ಬಿಇಎಲ್‌ನದು.

ಇಂಥ ಸೋನಾರ್ ಕೇಳಿಸಿಕೊಳ್ಳುವ ಬಗೆಯನ್ನು ಸ್ವಲ್ಪ ಗಮನಿಸಬೇಕು. ಮೈಮೊದ ಬೇರು ಇರುವುದು ಇಲ್ಲೇ. ನೌಕೆಯ ತಳದಲ್ಲಿ ನೀರಿನೊಳಗಿನ ಮೈಕುಗಳು ಸಾಲುಗಟ್ಟಿ ನಿಂತಿರುತ್ತವೆ. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ಎಡಗಡೆಯಿಂದ ಬಂದ ಸದ್ದು ಎಡಗಡೆಯ ಮೈಕನ್ನು ಮೊದಲು ಮುಟ್ಟುತ್ತದೆ, ಬಲಗಡೆಯದನ್ನು ಒಂದು ಕ್ಷಣದ ಸಣ್ಣ ತುಣುಕಿನಷ್ಟು ತಡವಾಗಿ. ಈ ತಡವನ್ನು ಲೆಕ್ಕ ಹಾಕಿದರೆ ಸದ್ದು ಬಂದ ದಿಕ್ಕು ತಿಳಿಯುತ್ತದೆ. ಎಲ್ಲ ಮೈಕುಗಳ ಸದ್ದನ್ನು ತಕ್ಕಷ್ಟು ಹಿಂದುಮುಂದು ಸರಿಸಿ ಕೂಡಿಸಿದರೆ ಬೇಕಾದ ದಿಕ್ಕಿನದು ಎದ್ದು ಕೇಳುತ್ತದೆ, ಉಳಿದದ್ದು ಅಡಗುತ್ತದೆ. ಒಂದು ಕಿವಿಗೆ ಆಗದ ಕೆಲಸ ಹಲವು ಕಿವಿಗಳಿಗೆ ಸಾಧ್ಯವಾಗುವುದು ಹೀಗೆ. ಪೌಲ್‌ರಾಜ್ ವರ್ಷಗಟ್ಟಲೆ ಮಾಡಿದ್ದು ಇದೇ ಅಭ್ಯಾಸ.

1983ರಲ್ಲಿ ಅಪ್ಸೋ ಐಎನ್‌ಎಸ್ ಹಿಮಗಿರಿಯ ಮೇಲೆ ಕಡಲಿಗಿಳಿದು ಪರೀಕ್ಷೆ ಗೆದ್ದಿತು. ಹೊರಗಿನಿಂದ ಕೊಳ್ಳುವುದೇ ರೂಢಿಯಾಗಿದ್ದ ಕಾಲದಲ್ಲಿ ಭಾರತದ ಎಂಜಿನಿಯರುಗಳು ಸ್ವಂತ ವಿನ್ಯಾಸದ ಸೋನಾರ್ ಕಟ್ಟಿ, ಯುದ್ಧನೌಕೆಯಲ್ಲಿ ಕೂರಿಸಿ ತೋರಿಸಿದರು. ಪೌಲ್‌ರಾಜ್ ಬೇರೇನೂ ಮಾಡದೆ ಇದ್ದಿದ್ದರೂ ಈ ಒಂದು ಕೆಲಸಕ್ಕಾಗಿ ಅವರನ್ನು ನೆನೆಯಬೇಕಿತ್ತು.

ಬೆಂಗಳೂರಿನ ವರ್ಷಗಳು

ಆ ಯಶಸ್ಸಿನ ಬೆನ್ನಿಗೇ ಅವರು ಸ್ಟ್ಯಾನ್‌ಫರ್ಡ್‌ಗೆ, ಕೈಲಾತ್ ಅವರ ತಂಡಕ್ಕೆ ಹೋದರು. ಅಲ್ಲಿ ರಿಚರ್ಡ್ ರಾಯ್ ಮತ್ತು ಕೈಲಾತ್ ಜೊತೆ ಸೇರಿ ‘ಎಸ್ಪ್ರಿಟ್’ ಎಂಬ ಗಣನವಿಧಾನ ರೂಪಿಸಿದರು. ಹಲವು ಸಂಕೇತಗಳು ಒಟ್ಟಿಗೆ ಬಂದು ಬಡಿಯುವಾಗ ಪ್ರತಿಯೊಂದರ ದಿಕ್ಕನ್ನೂ ನಿಖರವಾಗಿ, ಕಡಿಮೆ ಲೆಕ್ಕದಲ್ಲಿ ಕಂಡುಹಿಡಿಯುವ ವಿಧಾನ ಅದು. ಇಂದಿಗೂ ಸಂಕೇತ ಸಂಸ್ಕರಣೆಯ ಪಠ್ಯಪುಸ್ತಕಗಳಲ್ಲಿ ಅದಕ್ಕೊಂದು ಜಾಗವಿದೆ.

1986ರಲ್ಲಿ ಅವರು ಭಾರತಕ್ಕೆ ಮರಳಿದರು. ಈ ಬಾರಿ ನೆಲೆ ಬೆಂಗಳೂರು. ರಕ್ಷಣಾ ಸಂಶೋಧನಾ ಸಂಸ್ಥೆಯ ಕೃತಕ ಬುದ್ಧಿಮತ್ತೆ ಮತ್ತು ರೊಬೊಟಿಕ್ಸ್ ಕೇಂದ್ರಕ್ಕೆ ಸ್ಥಾಪಕ ನಿರ್ದೇಶಕರಾದರು. ಕೃತಕ ಬುದ್ಧಿಮತ್ತೆ ಈಗ ಊರೆಲ್ಲ ಮಾತಾಡುವ ವಿಷಯ. ಬೆಂಗಳೂರಿನಲ್ಲಿ ಅದಕ್ಕೊಂದು ಸರ್ಕಾರಿ ಕೇಂದ್ರ ಆಗಲೇ ಹುಟ್ಟಿತ್ತು. ಬಿಇಎಲ್‌ನ ಕೇಂದ್ರೀಯ ಸಂಶೋಧನಾ ಪ್ರಯೋಗಾಲಯವನ್ನು ಕಟ್ಟಿದವರಲ್ಲೂ ಅವರಿದ್ದರು. ಸೂಪರ್ ಕಂಪ್ಯೂಟರ್ ಕಟ್ಟಲು ಹುಟ್ಟಿದ ಸಿ-ಡ್ಯಾಕ್ ಸಂಸ್ಥೆಯ ಸ್ಥಾಪನೆಯಲ್ಲೂ ಅವರ ಪಾಲಿತ್ತು. 1991ರಲ್ಲಿ ಕಮಡೋರ್ ಹುದ್ದೆಯಿಂದ ನಿವೃತ್ತರಾಗಿ ಮತ್ತೆ ಸ್ಟ್ಯಾನ್‌ಫರ್ಡ್‌ಗೆ ಹೊರಟರು. ಆಗ ವಯಸ್ಸು 47. ಇಷ್ಟೆಲ್ಲ ಸಂಸ್ಥೆಗಳನ್ನು ಕಟ್ಟಿ ನಡೆಸಿದವರು ಅಲ್ಲಿ ಸಾಮಾನ್ಯ ಸಂಶೋಧಕರಾಗಿ ಹೊಸದಾಗಿ ಶುರು ಮಾಡಿದರು. ಕ್ಷೇತ್ರವೂ ಅವರಿಗೆ ಹೊಸದು: ನಿಸ್ತಂತು ಸಂವಹನ.

ಶಾನನ್ ಹಾಕಿದ ಗೆರೆ

ಆ ಹೊತ್ತಿಗೆ ಮೊಬೈಲ್ ಫೋನು ಜನರ ಕೈಗೆ ಬರಲು ಶುರುವಾಗಿತ್ತು. ಎಂಜಿನಿಯರುಗಳ ಮುಂದೆ ಎರಡು ದೊಡ್ಡ ಅಡ್ಡಿಗಳಿದ್ದವು.

ಮೊದಲನೆಯದು ಸ್ಪೆಕ್ಟ್ರಂ. ರೇಡಿಯೊ ಅಲೆಗಳಲ್ಲಿ ನಮಗೆ ಅನುಕೂಲವಾದ ಪಟ್ಟಿ ಇರುವುದೇ ಇಷ್ಟು, ಹೊಸದಾಗಿ ತಯಾರಿಸಲು ಬರುವುದಿಲ್ಲ. ಇರುವ ಪಟ್ಟಿಯಲ್ಲಿ ಎಷ್ಟು ಮಾಹಿತಿ ತುರುಕಬಹುದು ಎಂಬುದಕ್ಕೆ 1948ರಲ್ಲೇ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಸೂತ್ರ ಕೊಟ್ಟಿದ್ದರು. ಆ ಸೂತ್ರ ಬಹಳ ಕಠಿಣ. ಒಂದು ಹರ್ಟ್ಸ್ ಅಗಲದಲ್ಲಿ ಸೆಕೆಂಡಿಗೆ 5 ಬಿಟ್ ಕಳುಹಿಸುತ್ತಿದ್ದೀರಿ ಎನ್ನಿ. ಅದನ್ನು 10 ಮಾಡಬೇಕಾದರೆ ಪ್ರಸಾರದ ಶಕ್ತಿಯನ್ನು ಸುಮಾರು 33 ಪಟ್ಟು ಹೆಚ್ಚಿಸಬೇಕು. ಫೋನಿನ ಬ್ಯಾಟರಿ ಅದನ್ನು ತಡೆಯುವುದಿಲ್ಲ. ತಡೆದರೂ ಅಕ್ಕಪಕ್ಕದ ಫೋನುಗಳಿಗೆಲ್ಲ ಅದು ಗದ್ದಲವೇ.

ಎರಡನೆಯದು ಪ್ರತಿಫಲನ. ಟವರಿನಿಂದ ಹೊರಟ ಅಲೆ ಕಟ್ಟಡಕ್ಕೆ, ಗುಡ್ಡಕ್ಕೆ, ಬಸ್ಸಿಗೆ ಬಡಿದು ಚದುರಿ ಹತ್ತಾರು ದಾರಿಗಳಲ್ಲಿ ಫೋನಿಗೆ ಬಂದು ಸೇರುತ್ತದೆ. ಒಂದು ದಾರಿಯ ಅಲೆಯ ಉಬ್ಬು ಇನ್ನೊಂದು ದಾರಿಯ ಅಲೆಯ ತಗ್ಗಿನ ಮೇಲೆ ಬಿದ್ದರೆ ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಎರಡು ಗಿಗಾಹರ್ಟ್ಸ್ ಅಲೆಯ ಉದ್ದ 15 ಸೆಂಟಿಮೀಟರ್. ಹಾಗಾಗಿ ಅಂಗೈ ಅಗಲದಷ್ಟು ಸರಿದರೂ ಚೆನ್ನಾಗಿದ್ದ ಸಿಗ್ನಲ್ ಸಾಯಬಹುದು, ಸತ್ತಿದ್ದು ಜೀವ ಪಡೆಯಬಹುದು. ದಶಕಗಳಿಂದ ರೇಡಿಯೊ ಎಂಜಿನಿಯರುಗಳು ಈ ಚದುರಿಕೆಯನ್ನು ಹಗೆಯೆಂದೇ ಎಣಿಸಿ, ಅದರಿಂದ ತಪ್ಪಿಸಿಕೊಳ್ಳುವ ಉಪಾಯಗಳನ್ನು ಹುಡುಕುತ್ತಿದ್ದರು.

ಪ್ರಯೋಗದಲ್ಲಿ ಕಂಡ ವಿಚಿತ್ರ

ಪೌಲ್‌ರಾಜ್ ಸ್ಟ್ಯಾನ್‌ಫರ್ಡ್‌ನಲ್ಲಿ ತೊಡಗಿದ್ದ ಪ್ರಯೋಗ ಮೊಬೈಲಿಗೆ ಸಂಬಂಧಪಟ್ಟದ್ದೇ ಅಲ್ಲ. ಆಕಾಶದಿಂದ ನಡೆಸುವ ಬೇಹುಗಾರಿಕೆಯಲ್ಲಿ, ಒಂದೇ ಫ್ರೀಕ್ವೆನ್ಸಿಯಲ್ಲಿ ಬೆರೆತು ಬರುವ ರೇಡಿಯೊ ಸಂಕೇತಗಳನ್ನು ಆಂಟೆನಾ ಸಾಲಿನಿಂದ ಬೇರ್ಪಡಿಸುವುದು ಅದರ ಗುರಿ. ಸೋನಾರ್ ಬಲ್ಲವರಿಗೆ ಇದು ಪರಿಚಿತ ಕೆಲಸ: ಮೈಕುಗಳ ಜಾಗದಲ್ಲಿ ಆಂಟೆನಾ, ಸದ್ದಿನ ಜಾಗದಲ್ಲಿ ರೇಡಿಯೊ ಅಲೆ.

ನಿರೀಕ್ಷೆ ಹೀಗಿತ್ತು. ಎರಡು ಪ್ರಸಾರಕಗಳು ದೂರ ದೂರ ಇದ್ದರೆ ಅವುಗಳ ದಿಕ್ಕುಗಳೂ ಬೇರೆ, ಬಿಡಿಸುವುದು ಸುಲಭ. ಅವು ಹತ್ತಿರವಾದಂತೆ ದಿಕ್ಕು ಒಂದೇ ಆಗುತ್ತ ಹೋಗುತ್ತದೆ, ಬಿಡಿಸಲಾಗುವುದಿಲ್ಲ. ಬಯಲಿನಲ್ಲಿ ಆಗುವುದೂ ಹಾಗೆಯೇ. ಆದರೆ ಸುತ್ತಮುತ್ತ ಅಲೆಗಳನ್ನು ಚದುರಿಸುವ ವಸ್ತುಗಳಿದ್ದಲ್ಲಿ ಲೆಕ್ಕ ಬೇರೆಯಾಯಿತು. ಪ್ರಸಾರಕಗಳು ತೀರ ಹತ್ತಿರವಿದ್ದರೂ ಸಂಕೇತಗಳು ಬಿಡಿಬಿಡಿಯಾಗಿ ಸಿಗುತ್ತಿದ್ದವು. ಹಗೆ ಎಂದುಕೊಂಡಿದ್ದ ಚದುರಿಕೆಯೇ ನೆರವಿಗೆ ಬಂದಿತ್ತು.

ಇದನ್ನು ಕಂಡ ಬೇರೊಬ್ಬರು ಪ್ರಯೋಗದ ಟಿಪ್ಪಣಿಯಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿರುತ್ತಿದ್ದರೇನೋ. ಪೌಲ್‌ರಾಜ್ ಅದನ್ನು ತಿರುವಿ ನೋಡಿದರು. ಹತ್ತಿರ ಹತ್ತಿರವಿರುವ ಎರಡು ಪ್ರಸಾರಕಗಳನ್ನು ಬಿಡಿಸಬಹುದಾದರೆ ಆ ಎರಡನ್ನೂ ಒಂದೇ ಟವರಿನಲ್ಲಿ, ಒಂದೇ ಪೆಟ್ಟಿಗೆಯಲ್ಲಿ ಯಾಕೆ ಇಡಬಾರದು? ವೇಗದ ಒಂದು ಮಾಹಿತಿ ಧಾರೆಯನ್ನು ಎರಡಾಗಿ ಸೀಳಿ, ಎರಡು ಆಂಟೆನಾಗಳಿಂದ ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಬಿಟ್ಟರೆ? ಅತ್ತ ಕಡೆ ಎರಡು ಆಂಟೆನಾಗಳಿಂದ ಹಿಡಿದು ಬಿಡಿಸಿಕೊಂಡರೆ? ಸ್ಪೆಕ್ಟ್ರಂ ಹೆಚ್ಚಿಸದೆಯೇ ವೇಗ ಇಮ್ಮಡಿ. ನಾಲ್ಕು ಆಂಟೆನಾ ಇದ್ದರೆ ನಾಲ್ಮಡಿ.

ಇಲ್ಲಿ ಗೂಢವೇನೂ ಇಲ್ಲ, ಹತ್ತನೇ ತರಗತಿಯ ಬೀಜಗಣಿತ ಸಾಕು. ಒಂದು ಆಂಟೆನಾ ಕಳುಹಿಸಿದ ಸಂಖ್ಯೆ ಕ, ಇನ್ನೊಂದು ಕಳುಹಿಸಿದ್ದು ಚ ಎನ್ನೋಣ. ದಾರಿಯಲ್ಲಿ ಎರಡೂ ಬೆರೆಯುತ್ತವೆ. ಫೋನಿನ ಮೊದಲ ಆಂಟೆನಾಗೆ ಸಿಕ್ಕಿದ್ದು 2ಕ + ಚ = 7. ಎರಡನೆಯದಕ್ಕೆ ಸಿಕ್ಕಿದ್ದು ಕ + 3ಚ = 11. ಬಿಡಿಸಿದರೆ ಕ = 2, ಚ = 3. ಕೆಲಸ ಮುಗಿಯಿತು. ಬಯಲಿನಲ್ಲಾದರೆ ಏನಾಗುತ್ತಿತ್ತು? ಎರಡು ಆಂಟೆನಾಗಳಿಗೂ ಹೆಚ್ಚುಕಡಿಮೆ ಒಂದೇ ಬಗೆಯ ಮಿಶ್ರಣ ಸಿಗುತ್ತಿತ್ತು: 2ಕ + ಚ = 7, 4ಕ + 2ಚ = 14. ಎರಡನೇ ಸಮೀಕರಣ ಮೊದಲನೆಯದರ ಇಮ್ಮಡಿಯಷ್ಟೆ; ಹೊಸ ಸುದ್ದಿ ಏನೂ ಇಲ್ಲ, ಉತ್ತರವೂ ಇಲ್ಲ. ಕಟ್ಟಡ, ಗೋಡೆ, ಮರಗಳು ಅಲೆಯನ್ನು ಚದುರಿಸಿ ಎರಡು ಸಮೀಕರಣಗಳನ್ನು ಬೇರೆ ಬೇರೆ ಮಾಡಿಕೊಡುತ್ತವೆ. ಮೈಮೊಗೆ ಬೇಕಾದದ್ದು ಅದೇ.

ಈ 2, 1, 3 ಎಂಬ ಗುಣಕಗಳು ಫೋನಿಗೆ ಗೊತ್ತಾಗುವುದು ಹೇಗೆ? ಟವರು ನಡುನಡುವೆ ಇಬ್ಬರಿಗೂ ಮೊದಲೇ ತಿಳಿದಿರುವ ಗುರುತಿನ ಸಂಕೇತಗಳನ್ನು ಕಳುಹಿಸುತ್ತದೆ. ಅವು ಬಂದು ಮುಟ್ಟಿದ ರೂಪ ನೋಡಿ, ದಾರಿ ಅವನ್ನು ಹೇಗೆ ಬದಲಿಸಿದೆ ಎಂದು ಫೋನು ಲೆಕ್ಕ ಹಾಕುತ್ತದೆ. ನಾವು ನಡೆಯುತ್ತಿದ್ದರೆ, ಬಸ್ಸಿನಲ್ಲಿದ್ದರೆ ಗುಣಕಗಳು ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಫೋನು ಈ ಲೆಕ್ಕವನ್ನು ಸೆಕೆಂಡಿಗೆ ನೂರಾರು ಸಲ ಹೊಸದಾಗಿ ಮಾಡುತ್ತಲೇ ಇರುತ್ತದೆ.

ವಿಚಾರದಿಂದ ಚಿಪ್ಪಿಗೆ

1992ರ ಫೆಬ್ರವರಿಯಲ್ಲಿ ಪೌಲ್‌ರಾಜ್ ಮತ್ತು ಕೈಲಾತ್ ಪೇಟೆಂಟ್‌ಗೆ ಅರ್ಜಿ ಹಾಕಿದರು. 1994ರಲ್ಲಿ ಅದು ಮಂಜೂರಾಯಿತು. ಆದರೆ ಪೇಟೆಂಟ್ ಸಿಕ್ಕಿತೆಂದು ಜಗತ್ತು ನಂಬಿಬಿಡಲಿಲ್ಲ. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಪ್ರಸಾರ ಒಟ್ಟಿಗೆ ಹೊರಟರೆ ಒಂದನ್ನೊಂದು ಕೆಡಿಸುತ್ತವೆ ಎನ್ನುವುದು ರೇಡಿಯೊದ ಮೊದಲ ಪಾಠ. ಬೇಕೆಂದೇ ಹಾಗೆ ಮಾಡಿ ಎಂದವರ ಮಾತಿಗೆ ಅನುಮಾನವೇ ಉತ್ತರವಾಯಿತು. ಲೆಕ್ಕ ಮಾಡುವ ಚಿಪ್ಪುಗಳಿಗೂ ಆಗ ಅಷ್ಟು ಕಸುವಿರಲಿಲ್ಲ.

ಇಲ್ಲಿಂದ ಮುಂದೆ ಕತೆ ಒಬ್ಬರದಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಟರ್ಕಿ ಮೂಲದ ಎಮ್ರೆ ತೆಲಾತಾರ್ ಮತ್ತು ಜೆರಾರ್ಡ್ ಫೊಶಿನಿ 1990ರ ದಶಕದ ನಡುವೆ ಇದರ ಗಣಿತವನ್ನು ಗಟ್ಟಿ ಮಾಡಿದರು. ಅಲೆ ಚೆನ್ನಾಗಿ ಚದುರುವ ಕಡೆ, ಎರಡೂ ತುದಿಗಳಲ್ಲಿ ಆಂಟೆನಾಗಳು ಹೆಚ್ಚಿದಂತೆ ಸಾಮರ್ಥ್ಯವೂ ಅದೇ ಪ್ರಮಾಣದಲ್ಲಿ ಏರುತ್ತದೆ ಎಂದು ತೋರಿಸಿದರು. ಶಾನನ್ ಸೂತ್ರ ಸುಳ್ಳಾಗಲಿಲ್ಲ. ಒಂದೇ ದಾರಿಯಿದ್ದಲ್ಲಿ ಹಲವು ದಾರಿಗಳನ್ನು ತೆರೆದು ಪ್ರತಿಯೊಂದಕ್ಕೂ ಆ ಸೂತ್ರವನ್ನು ಹೂಡಿದಂತಾಯಿತು. ಫೊಶಿನಿಯ ‘ಬ್ಲಾಸ್ಟ್’ ವಿನ್ಯಾಸ 1996ರಲ್ಲಿ ಪ್ರಕಟವಾಯಿತು. ಅದರ ಸರಳ ರೂಪವನ್ನು ಬೆಲ್ ಲ್ಯಾಬ್ಸ್ 1998ರಲ್ಲಿ ಪ್ರಯೋಗಾಲಯದಲ್ಲಿ ನಡೆಸಿ ತೋರಿಸಿತು.

ಇನ್ನೊಂದು ತೊಡಕು ಉಳಿದಿತ್ತು. ವೇಗ ಬೇಕೆಂದರೆ ಅಗಲವಾದ ಪಟ್ಟಿ ಬೇಕು. ಅಗಲ ಪಟ್ಟಿಯಲ್ಲಿ ತಡವಾಗಿ ಬಂದ ಪ್ರತಿಧ್ವನಿ ಮುಂದಿನ ಸಂಕೇತದ ಮೇಲೆ ಬಿದ್ದು, ಮೇಲಿನ ಸರಳ ಸಮೀಕರಣ ಕಗ್ಗಂಟಾಗುತ್ತದೆ. ಇದಕ್ಕೆ ಮದ್ದು ಒಎಫ್‌ಡಿಎಂ ಎಂಬ ವಿಧಾನ: ಅಗಲ ಪಟ್ಟಿಯನ್ನು ನೂರಾರು ಸಣ್ಣ ಎಳೆಗಳಾಗಿ ಸೀಳುವುದು. ಪ್ರತಿ ಎಳೆಯಲ್ಲೂ ಸಮೀಕರಣ ಮತ್ತೆ ಸರಳ. ಸ್ಟ್ಯಾನ್‌ಫರ್ಡ್‌ನ ಗ್ರೆಗ್ ರಾಲೀ ಮತ್ತು ಜಾನ್ ಸಿಯೋಫಿ ಈ ಜೋಡಿಯ ಬಲವನ್ನು 1996ರ ಹೊತ್ತಿಗೇ ಕಾಣಿಸಿದ್ದರು. 1998ರಲ್ಲಿ ಪೌಲ್‌ರಾಜ್ ಐಯೋಸ್ಪಾನ್ ವೈರ್‌ಲೆಸ್ ಕಂಪನಿ ಹುಟ್ಟುಹಾಕಿ ಮೈಮೊ ಮತ್ತು ಒಎಫ್‌ಡಿಎಂ ಎರಡನ್ನೂ ಬೆಸೆದ ಉಪಕರಣವನ್ನು ಕಟ್ಟಿದರು. ಅವರು ಕಾಗದಕ್ಕಷ್ಟೇ ನಿಲ್ಲಲಿಲ್ಲ ಎನ್ನುವುದು ಈ ಕತೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ. ನಂಬದವರ ಮುಂದೆ ಯಂತ್ರವನ್ನೇ ಇಟ್ಟರು. 2003ರಲ್ಲಿ ಇಂಟೆಲ್ ಆ ಕಂಪನಿಯ ತಂತ್ರಜ್ಞಾನವನ್ನು ಕೊಂಡಿತು. ಅವರು ಆಮೇಲೆ ಕಟ್ಟಿದ ಬೀಸೀಮ್ ಎಂಬ ಚಿಪ್ ಕಂಪನಿಯ ಕೆಲಸದಲ್ಲಿ ಬೆಂಗಳೂರಿನ ಎಂಜಿನಿಯರುಗಳ ಕೈಯೂ ಇತ್ತು. 2010ರಲ್ಲಿ ಅದನ್ನು ಬ್ರಾಡ್‌ಕಾಮ್ ಕೊಂಡಿತು.

ಅಷ್ಟರಲ್ಲಿ ಜಗತ್ತೇ ಈ ದಾರಿಗೆ ಬಂದಿತ್ತು. 2009ರಲ್ಲಿ ಒಪ್ಪಿಗೆ ಪಡೆದ ವೈಫೈ ಮಾನದಂಡ ನಾಲ್ಕು ಧಾರೆಗಳ ಮೈಮೊದಿಂದ ಸೆಕೆಂಡಿಗೆ 600 ಮೆಗಾಬಿಟ್‌ವರೆಗೆ ಏರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೊ ನಗರಗಳಲ್ಲಿ 4ಜಿಯ ಮೊದಲ ವಾಣಿಜ್ಯ ಎಲ್‌ಟಿಇ ಜಾಲ ಶುರುವಾಯಿತು. 20 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಒಂದು ಧಾರೆಗೆ ಗರಿಷ್ಠ ಸುಮಾರು 75 ಮೆಗಾಬಿಟ್, ಎರಡು ಧಾರೆಗೆ 150: ಆ ಜಾಲದ ಲೆಕ್ಕವೇ ಪೌಲ್‌ರಾಜ್ ಅವರ ವಿಚಾರಕ್ಕೆ ಸಾಕ್ಷಿ. 2010ರಲ್ಲಿ ಬೆಲ್ ಲ್ಯಾಬ್ಸ್‌ನ ಥಾಮಸ್ ಮಾರ್ಜೆಟ್ಟಾ, ಟವರಿನಲ್ಲಿ ಆಂಟೆನಾಗಳ ದೊಡ್ಡ ಸೇನೆಯನ್ನೇ ನಿಲ್ಲಿಸುವ ವಿಚಾರ ಮುಂದಿಟ್ಟರು. 2022ರ ಅಕ್ಟೋಬರಿನಲ್ಲಿ ಭಾರತಕ್ಕೆ ಬಂದ 5ಜಿ ಜಾಲದ ಹಲಗೆಯಂಥ ಆಂಟೆನಾ ಫಲಕಗಳು ಆ ವಿಚಾರದ ಕೂಸುಗಳು.

ಈ ಕತೆಯಿಂದ ನಮಗೇನು?

2010ರಲ್ಲಿ ಭಾರತ ಅವರಿಗೆ ಪದ್ಮಭೂಷಣ ನೀಡಿತು. ದೂರಸಂಪರ್ಕ ಕ್ಷೇತ್ರದ ಎರಡು ದೊಡ್ಡ ಗೌರವಗಳಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಪದಕ 2011ರಲ್ಲಿ, ಮಾರ್ಕೋನಿ ಪ್ರಶಸ್ತಿ 2014ರಲ್ಲಿ ಬಂದವು. ದೇಶವನ್ನು 5ಜಿಗೆ ಸಜ್ಜುಗೊಳಿಸಲು ಕೇಂದ್ರ ಸರ್ಕಾರ ನೇಮಿಸಿದ ಸಮಿತಿಗೂ ಅವರೇ ಅಧ್ಯಕ್ಷರಾದರು. 2018ರಲ್ಲಿ ಅದರ ವರದಿ ಬಂತು.

ಗೌರವಗಳಿಗಿಂತ ನಾವು ಎತ್ತಿಕೊಳ್ಳಬೇಕಾದ ಮಾತು ಬೇರೆ ಇದೆ. ಮೈಮೊ ಹೊಳೆದದ್ದು ಆಕಸ್ಮಿಕವಾಗಿ ಕಂಡರೂ ಅದರ ಹಿಂದೆ ಎರಡು ದಶಕದ ಭಾರತೀಯ ಕೆಲಸವಿದೆ. ಸೇವೆಯಲ್ಲಿದ್ದ ಅಧಿಕಾರಿಯನ್ನು ನೌಕಾಪಡೆ ಗಣಿತ ಕಲಿಯಲು ಕಳುಹಿಸಿತು. ಒಬ್ಬ ಮೇಷ್ಟ್ರು ಅವರನ್ನು ಗುರುತಿಸಿ ಬೆಳೆಸಿದರು. ಕೊಚ್ಚಿಯ ಪ್ರಯೋಗಾಲಯ ಮತ್ತು ಬಿಇಎಲ್ ಅವರ ಸೋನಾರ್‌ನ ಮೇಲೆ ವರ್ಷಗಟ್ಟಲೆ ನಂಬಿಕೆಯಿಟ್ಟು ಹಣ ಹೂಡಿದವು. ಬಿತ್ತನೆಯೆಲ್ಲ ಇಲ್ಲೇ ಆಯಿತು, ಪೇಟೆಂಟ್ ಮಾತ್ರ ಸ್ಟ್ಯಾನ್‌ಫರ್ಡ್‌ನ ಪಾಲಾಯಿತು. ಹೊಸ ವಿಚಾರವೊಂದನ್ನು ಹಿಡಿದು ಕಂಪನಿಯಾಗಿ, ಚಿಪ್ಪಾಗಿ ಬೆಳೆಸುವ ವ್ಯವಸ್ಥೆ ಆಗ ಅಲ್ಲಿತ್ತು, ಇಲ್ಲಿರಲಿಲ್ಲ.

ಇಂದು ಅಂಥ ವ್ಯವಸ್ಥೆ ಕಟ್ಟುವುದು ನಮಗೆ ಆಗದ ಮಾತಲ್ಲ. ಬೆಂಗಳೂರಿನಲ್ಲಿ ಚಿಪ್ ವಿನ್ಯಾಸ ಮಾಡುವ ಎಂಜಿನಿಯರುಗಳಿಗೆ ಬರವಿಲ್ಲ, ವಿಜ್ಞಾನ ಸಂಸ್ಥೆಗಳಿಗೂ ಕೊರತೆಯಿಲ್ಲ. 6ಜಿಯ ಮಾತು ಶುರುವಾಗಿರುವ ಈ ಹೊತ್ತಿನಲ್ಲಿ ಸರ್ಕಾರ ಮತ್ತು ಉದ್ಯಮ ಸೇರಿ ಒಂದು ಕೆಲಸ ಮಾಡಬೇಕು: ಒಳ್ಳೆಯ ಸಂಶೋಧಕರಿಗೆ ದೊಡ್ಡ ಸಮಸ್ಯೆಯೊಂದನ್ನು ಒಪ್ಪಿಸಿ, ಹತ್ತು ವರ್ಷ ಹಣವನ್ನೂ ನಂಬಿಕೆಯನ್ನೂ ಹಿಂತೆಗೆದುಕೊಳ್ಳದೆ ಕಾಯಬೇಕು. ಅಪ್ಸೋಗಾಗಿ ಈ ದೇಶ ಹಾಗೆ ಕಾದಿತ್ತು, ಗೆದ್ದಿತ್ತು.